ಹಳೇ ಪಿಕಪ್‌ಗೆ ಮುಂದೆ ಡಿಸ್ಕ್ ಬ್ರೇಕ್ ಹಾಕ್ಬೇಕಾ? ಬರೀ ಕ್ಯಾಲಿಪರ್ ತಂದ್ರೆ ಆಗಲ್ಲ

ಕೋಲಾರ, ಶ್ರೀನಿವಾಸಪುರ, ಮುಳಬಾಗಿಲು ಕಡೆ ನಾಲ್ಕೂ ಚಕ್ರಕ್ಕೆ ಡ್ರಮ್ ಇರೋ ಹಳೇ ಪಿಕಪ್ ಇಟ್ಕೊಂಡಿರೋರು ಇನ್ನೂ ತುಂಬಾ ಜನ ಇದಾರೆ, ಎಂಜಿನ್ ಗಟ್ಟಿ ಇದೆ, ಚಾಸಿ ಚೆನ್ನಾಗಿದೆ, ಮಾರೋಕೆ ಮನಸ್ಸು ಬರಲ್ಲ. ಆದ್ರೆ ಬ್ರೇಕ್ ಮಾತ್ರ ನಂಬೋಕಾಗಲ್ಲ ಅಂತ ಎಲ್ಲರದ್ದೂ ಒಂದೇ ದೂರು. ಅವ್ರು ಮೆಕ್ಯಾನಿಕ್ ಹತ್ರ ಹೋಗಿ "ಅಣ್ಣ ಮುಂದೆ ಡಿಸ್ಕ್ ಹಾಕಿದ್ರೆ ಎಷ್ಟಾಗತ್ತೆ" ಅಂತಾರೆ, ಅವ್ನೂ ಒಂದು ರೇಟ್ ಹೇಳ್ತಾನೆ, ಗುಜರಿಯಿಂದ ಎರಡು ಡಿಸ್ಕು, ಆ ಡಿಸ್ಕನ್ನ ಎರಡೂ ಕಡೆಯಿಂದ ಪ್ಯಾಡಲ್ಲಿ ಅಮುಕಿ ಹಿಡಿಯೋ ಎರಡು ಕ್ಯಾಲಿಪರ್ ಬರತ್ತೆ, ಪೆಡಲ್ ತುಳಿದಾಗ ಬ್ರೇಕ್ ಆಯಿಲನ್ನ ಪೈಪಿಗೆ ತಳ್ಳೋ ಹಳೇ ಮಾಸ್ಟರ್ ಸಿಲಿಂಡರಿಗೇ ಪೈಪ್ ಸೇರಿಸಿ ಕಳಿಸ್ತಾರೆ. ಅಲ್ಲಿಗೆ ಗಾಡಿ ಮೊದಲಿಗಿಂತ ಡೇಂಜರ್ ಆಯ್ತು ಅಂತ ಲೆಕ್ಕ. ಡಿಸ್ಕ್ ಕೂರಿಸೋದು ಈ ಕೆಲ್ಸದಲ್ಲಿ ಸುಲಭದ ಭಾಗ. ಮಾಸ್ಟರು, ಕಾಲಿನ ಬಲಕ್ಕೆ ವ್ಯಾಕ್ಯೂಮಿಂದ ಸಹಾಯ ಕೊಡೋ ಬೂಸ್ಟರು, ಲೋಡ್ ನೋಡ್ಕೊಂಡು ಹಿಂದಿನ ಬ್ರೇಕಿಗೆ ಪ್ರೆಶರ್ ಬಿಡೋ ವಾಲ್ವು ಇವು ಮೂರೂ ಡಿಸ್ಕಿಗೆ ಹೊಂದ್ಕೋಬೇಕು, ಗಾಡಿ ಖಾಲಿ ಇದ್ದಾಗ್ಲೂ ಸರಿ, ಲೋಡ್ ಇದ್ದಾಗ್ಲೂ ಸರಿ ನಿಲ್ಲಬೇಕು, ಅಸಲಿ ಕೆಲ್ಸ ಅಲ್ಲಿರೋದು.

ದುಡ್ಡು ಖರ್ಚು ಮಾಡೋಕೆ ಮುಂಚೆ ಇರೋ ಡ್ರಮ್ಮನ್ನೇ ಒಂದ್ಸಲ ಬಿಚ್ಚಿ ನೋಡಿ. ಡ್ರಮ್ ಒಳಗಡೆ ಗೆರೆ ಬಿದ್ದಿದ್ಯಾ, ಲೇತಲ್ಲಿ ಕಟಿಂಗ್ ಹೊಡೆಸಿ ಹೊಡೆಸಿ ಅದರ ಮೇಲೆ ಅಚ್ಚಾಗಿರೋ ಮ್ಯಾಕ್ಸಿಮಂ ಅಳತೆ ದಾಟಿದ್ಯಾ, ಡ್ರಮ್ಮಿಗೆ ಒತ್ತಿ ಹಿಡಿಯೋ ಶೂ ಮೇಲಿನ ಲೈನರ್ ಗಾಜಿನ ಥರ ಪಳಪಳ ಅಂತಿದ್ಯಾ, ಆ ಶೂನ ತಳ್ಳೋ ವೀಲ್ ಸಿಲಿಂಡರಿನ ರಬ್ಬರ್ ಬೂಟ್ ಎತ್ತಿದ್ರೆ ಒಳಗೆ ಒದ್ದೆ ಇದ್ಯಾ, ಹಿಂದಿನ ಆಕ್ಸಲ್ ಸೀಲಿಂದ ಆಯಿಲ್ ಬಂದು ಶೂ ನೆಂದಿದ್ಯಾ. ಎಷ್ಟೋ ಗಾಡೀಲಿ ಶೂ ಅಡ್ಜಸ್ಟ್ ಮಾಡದೇ ಬಿಟ್ಟಿರೋದೇ ರೋಗ, ಪೆಡಲ್ ಅರ್ಧ ಹೋದ್ಮೇಲೆ ಶೂ ಡ್ರಮ್ಮಿಗೆ ತಾಗತ್ತೆ, ಪಂಪ್ ಹೊಡೆದ್ರೆ ಮೇಲೆ ಬರತ್ತೆ. ಊರೊಳಗೆ, ಬೆಟ್ಟ ಇಲ್ದಿರೋ ಕಡೆ ಹಾಲಿನ ಕ್ಯಾನ್ ಹಾಕ್ಕೊಂಡು ಓಡೋ ಗಾಡಿ ಆದ್ರೆ ಡ್ರಮ್ ಸರಿ ಮಾಡಿಸಿ ಸುಮ್ನಾಗಿ, ಡಿಸ್ಕ್ ಬೇಕಾಗಿಲ್ಲ.

ಬೇಕಾಗೋದು ಯಾರಿಗೆ ಅಂದ್ರೆ ಟೊಮ್ಯಾಟೊ, ಮಾವು ತುಂಬ್ಕೊಂಡು ಮುಳಬಾಗಿಲು, ನಂಗಲಿ, ಪಲಮನೇರು ದಾಟಿ ಮೊಗಿಲಿ ಘಾಟ್ ಇಳಿದು ಚಿತ್ತೂರು ಕಡೆ ಹೋಗೋರಿಗೆ. 15 ಕೆಜಿ ಕ್ರೇಟು 80 ಹಾಕಿದ್ರೆ ಟೊಮ್ಯಾಟೊ ತೂಕನೇ 1200 ಕೆಜಿ, ಕ್ರೇಟಿನ ತೂಕ ಬೇರೆ. ಆ ಇಳಿಜಾರಲ್ಲಿ ಬ್ರೇಕ್ ತುಳಿತಾ ತುಳಿತಾ ಹೋದ್ರೆ ಡ್ರಮ್ ಕಾಯತ್ತೆ, ಕಾದ ಡ್ರಮ್ ಹಿಗ್ಗಿ ಶೂ ಇಂದ ದೂರ ಹೋಗತ್ತೆ, ಪೆಡಲ್ ಕೆಳಕ್ಕೆ ಇಳಿತಾ ಹೋಗತ್ತೆ, ಲೈನರಿನ ಹಿಡಿತನೂ ಬಿಸಿಗೆ ಕಡಿಮೆ ಆಗತ್ತೆ. ಡಿಸ್ಕ್ ಆದ್ರೆ ಗಾಳಿಗೆ ತೆರೆದಿರತ್ತೆ, ಕಾದು ದಪ್ಪ ಆದ್ರೂ ಪ್ಯಾಡ್ ಕಡೆಗೇ ಹೋಗತ್ತೆ ಹೊರತು ದೂರ ಹೋಗಲ್ಲ. ಮಳೇಲಿ ನೀರು ನುಗ್ಗಿದ್ರೂ ಡಿಸ್ಕ್ ಮೇಲಿನ ನೀರನ್ನ ಪ್ಯಾಡ್ ಒರೆಸಿ ಬಿಸಾಕತ್ತೆ, ಡ್ರಮ್ಮೊಳಗೆ ಸೇರಿದ ನೀರು ಅಲ್ಲೇ ಕೂತಿರತ್ತೆ. ಇಷ್ಟೇ ಡಿಸ್ಕಿನ ಲಾಭ. ಡಿಸ್ಕ್ ಹಾಕಿದ್ದೀನಿ ಅಂತ ನ್ಯೂಟ್ರಲ್‌ಗೆ ಹಾಕಿ ಘಾಟ್ ಇಳಿಯೋರಿಗೆ ಯಾವ ಬ್ರೇಕೂ ಸಾಲಲ್ಲ, ಅದು ಬೇರೆ ವಿಷಯ.

ಹಿಂದುಗಡೆ ಮುಟ್ಟಬೇಡಿ. ನಾಲ್ಕೂ ಡಿಸ್ಕ್ ಮಾಡಿಸ್ತೀನಿ ಅಂತ ಹೋಗೋರಿಗೆ ಹೇಳ್ತಿರೋದು. ಬ್ರೇಕ್ ಹೊಡೆದಾಗ ತೂಕ ಮುಂದಕ್ಕೆ ಬೀಳತ್ತೆ, ಜಾಸ್ತಿ ಕೆಲ್ಸ ಮಾಡೋದು ಮುಂದಿನ ಬ್ರೇಕೇ. ಹ್ಯಾಂಡ್ ಬ್ರೇಕ್ ಹಿಂದಿನ ಡ್ರಮ್ಮಲ್ಲೇ ಇರತ್ತೆ, ಲೋಡ್ ಗಾಡಿನ ಇಳಿಜಾರಲ್ಲಿ ನಿಲ್ಲಿಸಿ ಹಿಡ್ಕೊಳೋಕೆ ಡ್ರಮ್ ಹ್ಯಾಂಡ್ ಬ್ರೇಕಿನಷ್ಟು ಒಳ್ಳೇದು ಇನ್ನೊಂದಿಲ್ಲ. ಡಿಸ್ಕಿಗೆ ಅದನ್ನ ಸೇರಿಸೋಕೆ ಹೋದ್ರೆ ಕ್ಯಾಲಿಪರ್ ಬೇರೆ, ಕೇಬಲ್ ಬೇರೆ, ತಲೆನೋವು ಬೇರೆ.

ಕಾಗದದ ವಿಷಯ ಈಗ್ಲೇ ಮುಗಿಸ್ಬಿಡೋಣ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ಅಸಲಿ ವಿವರಕ್ಕೂ ಆರ್‌ಸಿಗೂ ತಾಳೆ ಆಗದ ಹಾಗೆ ಗಾಡಿ ಮಾರ್ಪಾಡು ಮಾಡೋ ಹಾಗಿಲ್ಲ, 2019ರ ಜನವರೀಲಿ ಸುಪ್ರೀಂ ಕೋರ್ಟೂ ಇದನ್ನ ಬಿಗಿಯಾಗೇ ಹೇಳಿದೆ. ಆರ್‌ಸೀಲಿ ಬ್ರೇಕ್ ಯಾವ್ದು ಅಂತ ಬರೆದಿಲ್ವಲ್ಲ ಅಂತ ವಾದ ಮಾಡ್ಬೋದು, ಆದ್ರೆ ಹಳದಿ ಬೋರ್ಡ್ ಗಾಡಿಗೆ 8 ವರ್ಷ ದಾಟಿದ್ಮೇಲೆ ವರ್ಷಾ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಆಗ್ಬೇಕು, ಅಲ್ಲಿ ಬ್ರೇಕ್ ನೋಡೇ ನೋಡ್ತಾರೆ. ಆ್ಯಕ್ಸಿಡೆಂಟ್ ಆದ್ರೆ ಇನ್ಶೂರೆನ್ಸ್‌ನೋರು ಮೊದಲು ಹುಡುಕೋದೂ ಇಂಥದ್ದನ್ನೇ. ಅದಕ್ಕೆ ಕೆಲ್ಸ ಶುರು ಮಾಡೋಕೆ ಮೊದಲೇ ನಿಮ್ಮ ಆರ್‌ಟಿಒ ಆಫೀಸಲ್ಲಿ, ಕೆಎ-07 ಆದ್ರೆ ಕೋಲಾರ, ಕೆಎ-08 ಆದ್ರೆ ಕೆಜಿಎಫ್, ಲಿಖಿತವಾಗಿ ಕೇಳಿ, ಇನ್ಶೂರೆನ್ಸ್‌ನೋರಿಗೂ ಒಂದು ಮೇಲ್ ಹಾಕಿ. ಅದೇ ಮಾಡೆಲ್ಲಿಗೆ ಅದೇ ಕಂಪನಿ ಆಮೇಲೆ ಡಿಸ್ಕ್ ಕೊಟ್ಟಿದ್ರೆ, ಅದೇ ಪಾರ್ಟ್ಸ್ ನಂಬರ್ ಹಾಕ್ತೀನಿ ಅಂತ ತೋರಿಸೋದು ಸುಲಭ ಆಗತ್ತೆ, ಬಿಲ್ಲುಗಳನ್ನ ಎತ್ತಿಟ್ಕೊಳಿ.

ಸಾಮಾನು ಹೊಂದಿಸೋದು

ಇದಕ್ಕೆ ಒಂದೇ ನಿಯಮ, ಎಲ್ಲಾ ಒಂದೇ ಗಾಡಿಯಿಂದ ಬರ್ಲಿ. ನಿಮ್ಮ ಗಾಡಿ ವಂಶದ್ದೇ ಆದ, ಡಿಸ್ಕ್ ಇರೋ ಮಾಡೆಲ್ ಯಾವ್ದು ಅಂತ ಮೊದಲು ತಿಳ್ಕೊಳಿ. ಅದರಿಂದ ನಕಲ್ (ಸ್ಟೇರಿಂಗ್ ಜೊತೆ ತಿರುಗೋ, ಹಬ್ ಕೂರೋ ಭಾಗ), ಹಬ್, ಡಿಸ್ಕ್, ಕ್ಯಾಲಿಪರ್, ಅದರ ಬ್ರಾಕೆಟ್, ಮಾಸ್ಟರ್ ಸಿಲಿಂಡರ್, ಬೂಸ್ಟರ್, ಹಿಂದಿನ ಲೋಡ್ ವಾಲ್ವ್ ಇಷ್ಟೂ ಸೆಟ್ಟಾಗಿ ತಗೊಳಿ. ಬೆಂಗಳೂರಿನ ಜೆಸಿ ರೋಡಲ್ಲಿ ಹೊಸದು ಸಿಗತ್ತೆ, ಶಿವಾಜಿನಗರದ ಗುಜರೀಲಿ ಹಳೇದು ಸಿಗತ್ತೆ. ಒಂದು ಗಾಡಿಯ ಡಿಸ್ಕು, ಇನ್ನೊಂದರ ಕ್ಯಾಲಿಪರ್ರು, ಮಧ್ಯೆ ವೆಲ್ಡಿಂಗ್ ಶಾಪಲ್ಲಿ ಪ್ಲೇಟ್ ಕಟ್ ಮಾಡಿಸಿ ಬ್ರಾಕೆಟ್ ಅಂತ ಅಂಟಿಸೋದು ಮಾತ್ರ ಬೇಡ. ಪೂರ್ತಿ ಬ್ರೇಕ್ ಹೊಡೆದಾಗ ಆ ಬ್ರಾಕೆಟ್ ಮೇಲೆ ಬೀಳೋ ಎಳೆತ ಎಷ್ಟಿರತ್ತೆ ಅಂತ ವೆಲ್ಡಿಂಗ್‌ನೋನಿಗೆ ಗೊತ್ತಿರಲ್ಲ.

ತಗೊಳೋವಾಗ ನೋಡ್ಬೇಕಾಗಿದ್ದು: ಹಳೇ ಮಹೀಂದ್ರಾ ಜೀಪು, ಬೊಲೆರೊ ವಂಶದ್ದಾದ್ರೆ ಸಾಮಾನ್ಯವಾಗಿ 5 ಬೋಲ್ಟ್, ಪಿಸಿಡಿ (ಆ ಬೋಲ್ಟುಗಳ ಮಧ್ಯಬಿಂದು ಸೇರಿಸಿದ ವೃತ್ತದ ವ್ಯಾಸ) 139.7 ಮಿ.ಮೀ. ಇರತ್ತೆ, ಆದ್ರೂ ಟೇಪ್ ಹಿಡಿದು ಅಳೀರಿ. ನಿಮ್ಮ ರಿಮ್ ಒಂದನ್ನ ಕೈಯಲ್ಲೇ ತಗೊಂಡು ಹೋಗಿ ಕ್ಯಾಲಿಪರ್ ಕೂರಿಸಿದ ಹಬ್ ಮೇಲೆ ಇಟ್ಟು ತಿರುಗಿಸಿ ನೋಡಿ, ಕ್ಯಾಲಿಪರ್ ಬೆನ್ನು ರಿಮ್ಮಿಗೆ ತಾಗ್ತಾ ಇದ್ಯಾ ಅಂತ. ತಾಗತ್ತೆ ಅಂತ ಗೊತ್ತಾದ್ಮೇಲೆ ಹಬ್ಬಿಗೂ ರಿಮ್ಮಿಗೂ ಮಧ್ಯೆ ಸ್ಪೇಸರ್ ಬಿಲ್ಲೆ ಹಾಕೋಣ ಅಂತಾರೆ, ಲೋಡ್ ಗಾಡಿಗೆ ಸ್ಪೇಸರ್ ಬೇಡವೇ ಬೇಡ, ಬೇರಿಂಗ್ ಮೇಲೂ ಸ್ಟಡ್ ಮೇಲೂ ಸುಮ್ನೆ ಭಾರ. ಡಿಸ್ಕ್ ಅಂಚಲ್ಲೋ ಒಳಗಿನ ಬಟ್ಟಲಲ್ಲೋ ಮಿನಿಮಂ ದಪ್ಪ ಎಷ್ಟು ಅಂತ ಅಚ್ಚು ಹಾಕಿರ್ತಾರೆ, ವರ್ನಿಯರ್ ಇಟ್ಟು ಅಳೆದು ಅದಕ್ಕಿಂತ ತೆಳು ಇದ್ರೆ ಎಷ್ಟು ಕಮ್ಮಿಗೆ ಕೊಟ್ರೂ ಬಿಟ್ಬಿಡಿ. ಹಳೇ ಕ್ಯಾಲಿಪರ್ ತಂದ್ರೆ ಸೀಲ್ ಕಿಟ್ ಹೊಸದು ಹಾಕಿ, ಪಿಸ್ಟನ್ ಮೇಲೆ ತುಕ್ಕಿನ ಗುಳಿ ಬಿದ್ದಿದ್ರೆ ಪಿಸ್ಟನ್ನೂ ಹೊಸದೇ. ಪ್ಯಾಡು, ರಬ್ಬರ್ ಹೋಸು, ತಾಮ್ರದ ವಾಷರು, ಬೇರಿಂಗ್ ಸೀಲು ಇವನ್ನ ಗುಜರಿಯಿಂದ ತರೋ ಮಾತೇ ಇಲ್ಲ.

ಬಿಚ್ಚೋದು, ಕೂರಿಸೋದು

ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದೆ ಜಾಕಿ ಎತ್ತಿ ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ. ಮಣ್ಣಿನ ನೆಲ ಆದ್ರೆ ಕೆಳಗೆ ದಪ್ಪ ಹಲಗೆ ಹಾಕಿ. ಜಾಕಿ ಒಂದನ್ನೇ ನಂಬ್ಕೊಂಡು ಯಾರೂ ಗಾಡಿ ಕೆಳಗೆ ನುಗ್ಗಬೇಡಿ.

ಡ್ರಮ್ ತೆಗೆದ ತಕ್ಷಣ ಏರ್ ಗನ್ ತಗೊಂಡು ಧೂಳು ಊದೋ ಅಭ್ಯಾಸ ನಮ್ಮ ಗ್ಯಾರೇಜುಗಳಲ್ಲಿ ಎಲ್ಲಾ ಕಡೆ ಇದೆ. ಹಳೇ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರಬೋದು, ಆ ಧೂಳು ಶ್ವಾಸಕೋಶಕ್ಕೆ ಹೋದ್ರೆ ವಾಪಸ್ ಬರಲ್ಲ. ಮಾಸ್ಕ್ ಹಾಕ್ಕೊಂಡು, ಸೋಪು ನೀರು ಚಿಮುಕಿಸಿ ಒದ್ದೆ ಬಟ್ಟೇಲಿ ಒರೆಸಿ, ಆ ಬಟ್ಟೆನ ಕವರಿಗೆ ಹಾಕಿ ಕಟ್ಟಿ ಬಿಸಾಕಿ.

ಇನ್ನೊಂದು ಅಭ್ಯಾಸ, ಏನೇ ಬಿಚ್ಚಿದ್ರೂ ಡೀಸೆಲಲ್ಲಿ ಮುಳುಗಿಸಿ ತೊಳೆಯೋದು. ಹಬ್ಬು, ಬೇರಿಂಗು ಅದರಲ್ಲಿ ತೊಳೆದು ಒಣಗಿಸ್ಕೊಳಿ ಪರವಾಗಿಲ್ಲ, ಬ್ರೇಕ್ ಆಯಿಲ್ ಓಡಾಡೋ ಯಾವ ಭಾಗಕ್ಕೂ ಡೀಸೆಲ್, ಪೆಟ್ರೋಲ್, ಸೀಮೆಎಣ್ಣೆ, ಎಂಜಿನ್ ಆಯಿಲ್ ಸೋಕಬಾರ್ದು. ಆ ಸೀಲುಗಳ ರಬ್ಬರ್ ಇವಕ್ಕೆ ಊದ್ಕೊಂಡು ಮೆತ್ತಗಾಗತ್ತೆ, ಇವತ್ತು ಸರಿ ಕೆಲ್ಸ ಮಾಡಿ ಇನ್ನೊಂದಿನ ಕೈಕೊಡತ್ತೆ. ಸೀಲು, ಪಿಸ್ಟನ್ ತೊಳೆಯೋಕೆ ಹೊಸಾ ಬ್ರೇಕ್ ಆಯಿಲ್ಲೇ ಬಳಸಿ, ಕೂರಿಸೋವಾಗ್ಲೂ ಅದನ್ನೇ ಸವರಿ.

ಬೇರಿಂಗಿಗೆ ಗ್ರೀಸ್ ತುಂಬೋವಾಗ ಅಂಗೈ ಮೇಲೆ ಗ್ರೀಸ್ ಇಟ್ಟು ಬೇರಿಂಗಿನ ಅಗಲ ಬದಿನ ಅದಕ್ಕೆ ಒತ್ತಿ ಒತ್ತಿ, ಆಚೆ ಬದಿಯಿಂದ ಗ್ರೀಸ್ ಹೊರಗೆ ಬರೋವರೆಗೂ ತುಂಬಿ. ನಟ್ ಟೈಟ್ ಮಾಡೋವಾಗ ಹಬ್ ತಿರುಗಿಸ್ತಾ ಟೈಟ್ ಮಾಡಿ, ಬೇರಿಂಗ್ ಕೂತ್ಮೇಲೆ ಸಡಿಲ ಮಾಡಿ ಮತ್ತೆ ಮ್ಯಾನ್ಯುವಲ್ ಹೇಳೋ ಅಷ್ಟಕ್ಕೆ ತಂದು ಹೊಸಾ ಸ್ಪ್ಲಿಟ್ ಪಿನ್ ಹಾಕಿ. ಡ್ರಮ್ಮಲ್ಲಿ ಬೇರಿಂಗ್ ಸ್ವಲ್ಪ ಆಟ ಇದ್ರೂ ನಡೀತಿತ್ತು, ಡಿಸ್ಕಲ್ಲಿ ನಡೆಯಲ್ಲ. ಹಬ್ ಅಲ್ಲಾಡಿದ್ರೆ ಡಿಸ್ಕೂ ಅಲ್ಲಾಡತ್ತೆ, ಅದು ಪ್ಯಾಡನ್ನ ಹಿಂದಕ್ಕೆ ತಳ್ಳತ್ತೆ, ಗುಂಡಿ ರಸ್ತೆ ದಾಟಿ ಬ್ರೇಕ್ ತುಳಿದ್ರೆ ಮೊದಲ್ನೇ ಏಟಿಗೆ ಪೆಡಲ್ ಉದ್ದ ಹೋಗತ್ತೆ, ಎರಡನೇದಕ್ಕೆ ಸರಿ ಬರತ್ತೆ. ಜನ ಇದನ್ನ ಬ್ರೇಕ್ ಪೈಪಲ್ಲಿ ಏರ್ (ಗಾಳಿ) ಸೇರಿದೆ ಅಂದ್ಕೊಂಡು ಮತ್ತೆ ಮತ್ತೆ ಏರ್ ತೆಗೀತಾ ಇರ್ತಾರೆ. ಡಿಸ್ಕ್ ಕೂರೋ ಮುಖನ ವೈರ್ ಬ್ರಶ್ ಹೊಡೆದು ತುಕ್ಕೆಲ್ಲಾ ತೆಗೆದು, ಡಯಲ್ ಗೇಜ್ ಇಟ್ಟು ಒಂದು ಸುತ್ತು ತಿರುಗಿಸಿ. 0.1 ಮಿ.ಮೀ. ಒಳಗೆ ಓಲಾಟ ಇದ್ರೆ ಸಾಮಾನ್ಯವಾಗಿ ಸಾಕು. ಗೇಜ್ ನಿಮ್ಮತ್ರ ಇಲ್ದಿದ್ರೆ ಲೇತ್ ಅಂಗಡೀಲಿ ಇರತ್ತೆ, ಕೇಳಿ ತನ್ನಿ.

ಕ್ಯಾಲಿಪರ್‌ಗೆ ಎಡ ಬಲ ಇದೆ. ಏರ್ ತೆಗೆಯೋ ನಿಪ್ಪಲ್ ಮೇಲುಗಡೆ ಬರಬೇಕು. ಅದಲು ಬದಲು ಹಾಕಿದ್ರೂ ಬೋಲ್ಟ್ ಕೂರತ್ತೆ, ಆದ್ರೆ ನಿಪ್ಪಲ್ ಕೆಳಗೆ ಹೋಗತ್ತೆ, ಗಾಳಿ ಮೇಲೆ ಸಿಕ್ಕಾಕ್ಕೊಂಡು ನೀವು ಎಷ್ಟು ಲೀಟರ್ ಆಯಿಲ್ ಸುರಿದ್ರೂ ಪೆಡಲ್ ಸ್ಪಾಂಜ್ ಥರಾನೇ ಇರತ್ತೆ. ಕ್ಯಾಲಿಪರ್ ಹಿಂದೆ ಮುಂದೆ ಜರುಗೋ ಸ್ಲೈಡ್ ಪಿನ್ನಿಗೆ ರಬ್ಬರಿಗೆ ಆಗೋ ಸಿಲಿಕಾನ್ ಗ್ರೀಸ್ ಹಾಕಿ, ಚಾಸಿ ಗ್ರೀಸ್ ಅಲ್ಲ. ಪಿನ್ ಕೈಯಲ್ಲೇ ನುಣ್ಣಗೆ ಹಿಂದೆ ಮುಂದೆ ಹೋಗ್ಬೇಕು, ಇಲ್ಲಾಂದ್ರೆ ಒಂದೇ ಪ್ಯಾಡ್ ಸವೀತಾ ಹೋಗತ್ತೆ.

ಹೋಸ್ ಹಾಕಿದ್ಮೇಲೆ ಸ್ಟೇರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ಆಕ್ಸಲ್ ಕೆಳಗೆ ಇಳಿಬಿಟ್ಟೂ ನೋಡಿ, ಎಲ್ಲೂ ಎಳೀಬಾರ್ದು, ತಿರುಚ್ಕೋಬಾರ್ದು, ಟೈರಿಗೆ ಸವರಬಾರ್ದು. ಹೋಸನ್ನ ಕ್ಯಾಲಿಪರ್‌ಗೆ ಹಿಡಿಸೋ ತೂತಿರೋ ಬ್ಯಾಂಜೋ ಬೋಲ್ಟಿಗೆ ಎರಡೂ ಬದಿ ಹೊಸಾ ತಾಮ್ರದ ವಾಷರ್.

ಈಗ ಪೈಪ್ ಥ್ರೆಡ್ಡು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಹಳೇ ಗಾಡೀಲಿ ಇಂಚಿನ ಥ್ರೆಡ್ ಇರಬೋದು, 3/8 ಇಂಚು, ಇಂಚಿಗೆ 24 ಥ್ರೆಡ್. ಹೊಸಾ ಕ್ಯಾಲಿಪರ್ ಕಡೆ ಸಾಮಾನ್ಯವಾಗಿ ಮೆಟ್ರಿಕ್, 10 ಮಿ.ಮೀ., ಪಿಚ್ 1. ಲೆಕ್ಕ ಹಾಕಿದ್ರೆ ಇಂಚಿಂದು 9.5 ಮಿ.ಮೀ. ಚಿಲ್ಲರೆ, ಪಿಚ್ 1.06, ಅಂದ್ರೆ ಕಣ್ಣಲ್ಲಿ ನೋಡಿದ್ರೆ ಎರಡೂ ಒಂದೇ. ಇಂಚಿನ ನಟ್ಟು ಮೆಟ್ರಿಕ್ ತೂತಿಗೆ ಕೈಯಲ್ಲೇ ಸಲೀಸಾಗಿ ಒಳಗೆ ಹೋಗತ್ತೆ, ಸ್ಪ್ಯಾನರ್ ಹಾಕಿದ್ರೆ ಟೈಟೂ ಆದಂಗೆ ಅನ್ಸತ್ತೆ, ಆಯಿಲ್ಲೂ ಸೋರದೇ ಇರಬೋದು. ಆದ್ರೆ ಹಲ್ಲು ತುದೀಲಷ್ಟೇ ಕಚ್ಕೊಂಡಿರತ್ತೆ, ಯಾರೋ ಅಡ್ಡ ಬಂದು ಜೋರಾಗಿ ತುಳಿದ ದಿನ ಕಿತ್ಕೊಂಡು ಬರತ್ತೆ. ಥ್ರೆಡ್ ಗೇಜ್ ಇಟ್ಟೇ ನೋಡಿ, ನಟ್ ಅರ್ಧ ಹೋದ್ಮೇಲೂ ಅಕ್ಕಪಕ್ಕ ಕುಲುಕಾಡ್ತಿದ್ರೆ ಅದು ಅದರ ಜೋಡಿ ಅಲ್ಲ. ಹಾಗೇ ಪೈಪ್ ತುದಿ ಫ್ಲೇರ್‌ನಲ್ಲೂ ಎರಡು ಥರ ಇದೆ, ಒಳಕ್ಕೆ ಮಡಚಿರೋ ಡಬಲ್ ಫ್ಲೇರ್ ಒಂದು, ಗುಳ್ಳೆ ಥರ ಉಬ್ಬಿರೋ ಬಬಲ್ ಫ್ಲೇರ್ ಇನ್ನೊಂದು. ಯಾವ ಸೀಟಿಗೆ ಯಾವ್ದೋ ಅದೇ ಹಾಕ್ಬೇಕು. ಪೈಪು ಸ್ಟೀಲ್ ಇಲ್ಲಾ ಕ್ಯುಪ್ರೋ ನಿಕಲ್ (ತಾಮ್ರ ನಿಕಲ್ ಮಿಶ್ರಲೋಹ) ಇರ್ಲಿ, ಫ್ರಿಜ್ ರಿಪೇರಿಯೋರ ಹತ್ರ ಸಿಗೋ ಬರೀ ತಾಮ್ರದ ಟ್ಯೂಬು ಬ್ರೇಕಿಗಲ್ಲ, ಕಂಪ್ರೆಶನ್ ಫಿಟಿಂಗೂ ಅಲ್ಲ.

ಮಾಸ್ಟರ್ ಸಿಲಿಂಡರು, ಬೂಸ್ಟರು

ಡ್ರಮ್ಮಿನ ವೀಲ್ ಸಿಲಿಂಡರ್ 1 ಇಂಚಿನದು ಅಂತ ಇಟ್ಕೊಳಿ, ಅದರ ಮುಖದ ವಿಸ್ತೀರ್ಣ ಸುಮಾರು 507 ಚದರ ಮಿ.ಮೀ. ಕ್ಯಾಲಿಪರ್ ಪಿಸ್ಟನ್ 54 ಮಿ.ಮೀ. ಆದ್ರೆ 2290, ಅಂದ್ರೆ ನಾಲ್ಕೂವರೆ ಪಟ್ಟು. ಅಷ್ಟು ದೊಡ್ಡ ಪಿಸ್ಟನ್ ಒಂದಿಷ್ಟು ಜರುಗಬೇಕಾದ್ರೂ ಆಯಿಲ್ ಜಾಸ್ತಿ ಬೇಕು. ಹಳೇ ಮಾಸ್ಟರ್ ಸಾಲದಿದ್ರೆ ಪೆಡಲ್ ನೆಲಕ್ಕೆ ಹತ್ರ ಹೋಗತ್ತೆ. ಹಂಗಂತ ಸಿಕ್ಕಾಪಟ್ಟೆ ದೊಡ್ಡ ಬೋರ್ (ಒಳಗಿನ ವ್ಯಾಸ) ಇರೋ ಮಾಸ್ಟರ್ ಹಾಕಿದ್ರೆ ಇನ್ನೊಂದು ತೊಂದ್ರೆ, 20.64 ಮಿ.ಮೀ. ಬೋರಿಂದ 23.81ಕ್ಕೆ ಹೋದ್ರೆ ಅದೇ ಕಾಲಿನ ಬಲಕ್ಕೆ ಪ್ರೆಶರ್ ಕಾಲುಭಾಗ ಕಮ್ಮಿ ಆಗತ್ತೆ, ಪೆಡಲ್ ಮೇಲೇ ನಿಲ್ಲತ್ತೆ, ಗಟ್ಟಿನೂ ಇರತ್ತೆ, ಗಾಡಿ ಮಾತ್ರ ನಿಲ್ಲಲ್ಲ. ಅದಕ್ಕೇ ಹೇಳಿದ್ದು ಮಾಸ್ಟರೂ ಅದೇ ಡಿಸ್ಕ್ ಗಾಡಿಯಿಂದ ತನ್ನಿ ಅಂತ, ಈ ಲೆಕ್ಕ ಎಲ್ಲಾ ಕಂಪನಿಯೋರು ಹಾಕಿರ್ತಾರೆ. ನಿಮ್ಮ ಗಾಡೀಲಿ ಒಂದೇ ಖಾನೆಯ ಮಾಸ್ಟರ್ ಇದ್ರಂತೂ ಬದಲಾಯಿಸ್ಲೇಬೇಕು, ಒಂದು ಕಡೆ ಪೈಪ್ ಒಡೆದ್ರೆ ನಾಲ್ಕೂ ಬ್ರೇಕ್ ಹೋಗತ್ತೆ ಅದರಲ್ಲಿ. ಎರಡು ಖಾನೆಯ ಟ್ಯಾಂಡೆಮ್ ಮಾಸ್ಟರ್ ಆದ್ರೆ ಮುಂದಿಂದು ಹಿಂದಿಂದು ಬೇರೆ ಬೇರೆ.

ಡ್ರಮ್ಮಿಗೆ ಅಂತ ಮಾಡಿದ ಎಷ್ಟೋ ಮಾಸ್ಟರಲ್ಲಿ ಪೈಪ್ ಹೊರಗೆ ಬರೋ ಕಡೆ ಒಂದು ಪುಟ್ಟ ವಾಲ್ವ್ ಇರತ್ತೆ, ಲೈನಲ್ಲಿ ಸುಮಾರು 10 ಪಿಎಸ್‌ಐ ಪ್ರೆಶರ್ ಉಳಿಸ್ಕೊಳೋಕೆ. ಡ್ರಮ್ಮಲ್ಲಿ ಶೂ ಎಳೆಯೋ ಸ್ಪ್ರಿಂಗ್ ಇದೆ, ಅಷ್ಟು ಪ್ರೆಶರ್ ಲೆಕ್ಕಕ್ಕಿಲ್ಲ. ಡಿಸ್ಕಲ್ಲಿ ಪ್ಯಾಡ್ ಹಿಂದಕ್ಕೆ ಎಳೆಯೋ ಸ್ಪ್ರಿಂಗ್ ಇಲ್ಲ, ಪಿಸ್ಟನ್ ಸೀಲ್ ಸ್ವಲ್ಪ ಮಡಚ್ಕೊಂಡು ವಾಪಸ್ ಎಳೆಯೋದಷ್ಟೇ, ಅದಕ್ಕೆ ಆ ಪ್ರೆಶರ್ ಪ್ಯಾಡನ್ನ ಡಿಸ್ಕಿಗೆ ಸವರಿಸ್ತಾನೇ ಇರತ್ತೆ. ಮುಂದಿನ ಲೈನಲ್ಲಿ ಈ ವಾಲ್ವ್ ಇರಬಾರ್ದು.

ಬೂಸ್ಟರ್ ಇಲ್ದಿರೋ ಗಾಡಿ ಆದ್ರೆ ಹಾಕ್ಲೇಬೇಕು. ಡ್ರಮ್ ತಿರುಗೋ ರಭಸಕ್ಕೆ ಮುಂದಿನ ಶೂನ ತಾನೇ ಒಳಗೆ ಎಳ್ಕೊಂಡು ಇನ್ನೂ ಗಟ್ಟಿ ಹಿಡಿಯತ್ತೆ, ನಿಮ್ಮ ಕಾಲಿಗೆ ಅದು ಸಹಾಯ. ಡಿಸ್ಕಲ್ಲಿ ಆ ಸಹಾಯ ಇಲ್ಲ, ಪೂರ್ತಿ ಒತ್ತಡ ಪೆಡಲಿಂದಲೇ ಬರಬೇಕು. ಡೀಸೆಲ್ ಎಂಜಿನ್‌ಗೆ ಪೆಟ್ರೋಲಿನ ಥರ ಮ್ಯಾನಿಫೋಲ್ಡ್ ವ್ಯಾಕ್ಯೂಮ್ ಸಿಗಲ್ಲ, ಬೂಸ್ಟರ್‌ಗೆ ಬೇರೆ ವ್ಯಾಕ್ಯೂಮ್ ಪಂಪ್ ಬೇಕು, ನಮ್ಮ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಆಲ್ಟರ್ನೇಟರ್ ಬೆನ್ನಿಗೇ ಅಂಟಿರತ್ತೆ. ಆ ಪಂಪ್ ಸವೆದಿದ್ರೆ, ಹೋಸ್ ಬಿರಿದಿದ್ರೆ, ಚೆಕ್ ವಾಲ್ವ್ ಲೀಕ್ ಇದ್ರೆ ಹೊಸಾ ಬೂಸ್ಟರ್ ಹಾಕಿದ್ರೂ ಪೆಡಲ್ ಕಲ್ಲೇ. ಪರೀಕ್ಷೆ ಸುಲಭ: ಎಂಜಿನ್ ಆಫ್ ಮಾಡಿ ಪೆಡಲ್ ಗಟ್ಟಿ ಆಗೋವರೆಗೂ ನಾಲ್ಕೈದು ಸಲ ತುಳೀರಿ, ಕಾಲು ಒತ್ತಿ ಹಿಡ್ಕೊಂಡೇ ಸ್ಟಾರ್ಟ್ ಮಾಡಿ, ಪೆಡಲ್ ಒಂದಿಷ್ಟು ತಾನಾಗೇ ಕೆಳಗೆ ಇಳೀಬೇಕು. ಇಳೀಲಿಲ್ಲ ಅಂದ್ರೆ ವ್ಯಾಕ್ಯೂಮ್ ಬರ್ತಿಲ್ಲ ಇಲ್ಲಾ ಬೂಸ್ಟರ್ ಡಯಾಫ್ರಂ ಹೋಗಿದೆ.

ಬೂಸ್ಟರಿನ ಕಡ್ಡಿಗೂ ಮಾಸ್ಟರ್ ಪಿಸ್ಟನ್‌ಗೂ ಮಧ್ಯೆ ಕೂದಲೆಳೆ ಸಂದು ಇರಬೇಕು, ಎಷ್ಟು ಅಂತ ಮ್ಯಾನ್ಯುವಲಲ್ಲಿ ಇರತ್ತೆ. ಸಂದಿಲ್ದೆ ಕಡ್ಡಿ ಒತ್ಕೊಂಡೇ ಕೂತ್ರೆ ಆಯಿಲ್ ವಾಪಸ್ ಮಾಸ್ಟರ್ ಮೇಲಿನ ಡಬ್ಬಿಗೆ ಹೋಗೋ ತೂತು ಮುಚ್ಕೊಂಡಿರತ್ತೆ. ಬೆಳಿಗ್ಗೆ ಗಾಡಿ ಸರಿ ಓಡತ್ತೆ, ವೇಮಗಲ್ ಹೋಗೋ ಅಷ್ಟೊತ್ತಿಗೆ ಆಯಿಲ್ ಕಾದು ಹಿಗ್ಗಿ ಬ್ರೇಕ್ ತಾನೇ ಹಿಡ್ಕೊಳೋಕೆ ಶುರು ಆಗತ್ತೆ, ನಿಲ್ಲಿಸಿ ಆರಿದ್ರೆ ಬಿಡತ್ತೆ. ಹೀಗಾದಾಗ ಮಾಸ್ಟರಿನ ಎರಡು ನಟ್ ಸ್ವಲ್ಪ ಸಡಿಲ ಮಾಡಿ ನೋಡಿ, ಚಕ್ರ ಬಿಟ್ರೆ ದೋಷ ಕಡ್ಡೀಲಿ. ಬಿಡಲಿಲ್ಲ, ಆದ್ರೆ ಕ್ಯಾಲಿಪರ್ ನಿಪ್ಪಲ್ ತೆರೆದಾಗ ಬಿಡ್ತು ಅಂದ್ರೆ ಹೋಸ್ ಒಳಗೆ ಊದಿದೆ ಇಲ್ಲಾ ಆ ಉಳಿಕೆ ಪ್ರೆಶರಿನ ವಾಲ್ವ್ ಲೈನಲ್ಲೇ ಇದೆ. ನಿಪ್ಪಲ್ ತೆರೆದ್ರೂ ಬಿಡದಿದ್ರೆ ಕ್ಯಾಲಿಪರ್ ಪಿಸ್ಟನ್ನೋ ಪಿನ್ನೋ ಜಾಮ್.

ಹಿಂದಿನ ವಾಲ್ವ್, ಎಲ್ಲರೂ ಮರೆಯೋದು

ಖಾಲಿ ಪಿಕಪ್ಪಿನ ಹಿಂಭಾಗದಲ್ಲಿ ತೂಕನೇ ಇರಲ್ಲ, ಜೋರಾಗಿ ಬ್ರೇಕ್ ಹೊಡೆದ್ರೆ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಅಡ್ಡಡ್ಡ ತಿರುಗತ್ತೆ. ತುಂಬಿದ ಪಿಕಪ್ಪಲ್ಲಿ ಉಲ್ಟಾ, ಅಲ್ಲಿ ಹಿಂದಿನ ಬ್ರೇಕ್ ಚೆನ್ನಾಗಿ ದುಡೀಬೇಕು, ಇಲ್ಲಾಂದ್ರೆ ಎಲ್ಲಾ ಭಾರ ಹೊಸಾ ಡಿಸ್ಕ್ ಮೇಲೇ ಬಿದ್ದು ಅದೂ ಕಾಯತ್ತೆ. ಈ ಎರಡನ್ನೂ ನೋಡ್ಕೊಳೋದು ಲೋಡ್ ಸೆನ್ಸಿಂಗ್ ವಾಲ್ವ್. ಚಾಸಿಗೆ ಕೂತಿರತ್ತೆ, ಒಂದು ಕಡ್ಡಿ ಇಲ್ಲಾ ಸ್ಪ್ರಿಂಗ್ ಹಿಂದಿನ ಆಕ್ಸಲ್‌ಗೆ ಹೋಗಿರತ್ತೆ, ಬಾಡಿ ಕೆಳಗೆ ಕೂತಷ್ಟೂ ಹಿಂದಕ್ಕೆ ಜಾಸ್ತಿ ಪ್ರೆಶರ್ ಬಿಡತ್ತೆ.

ನಮ್ಮ ಕಡೆ ಏನು ಮಾಡ್ತೀವಿ, ಲೋಡ್ ಜಾಸ್ತಿ ಹಾಕೋಕೆ ಕಮಾನಿಗೆ (ಹಿಂದಿನ ಪಟ್ಟೆ ಸ್ಪ್ರಿಂಗಿಗೆ) ಎಕ್ಸ್‌ಟ್ರಾ ಪಟ್ಟೆ ಹಾಕ್ಸಿರ್ತೀವಿ. ಆಗ ಒಂದು ಟನ್ ತುಂಬಿದ್ರೂ ಬಾಡಿ ಅಷ್ಟು ಕೂರಲ್ಲ, ವಾಲ್ವ್ ಗಾಡಿ ಖಾಲಿ ಇದೆ ಅಂದ್ಕೊಂಡು ಹಿಂದಿನ ಬ್ರೇಕನ್ನ ಕಟ್ ಮಾಡತ್ತೆ. ಎಷ್ಟೋ ಗಾಡೀಲಿ ಆ ಕಡ್ಡಿನೇ ಬಿಚ್ಚಿ ತಂತಿ ಸುತ್ತಿಟ್ಟಿರೋದೂ ಕಾಣತ್ತೆ. ಡಿಸ್ಕ್ ಹಾಕೋ ಖರ್ಚು ಮಾಡ್ತಿದ್ರೆ ಮೊದಲು ಆ ಪಟ್ಟೆ ತೆಗೆಸಿ ಕಂಪನಿ ಅಳತೆಗೆ ತನ್ನಿ, ವಾಲ್ವ್ ಡಿಸ್ಕ್ ಮಾಡೆಲ್‌ದೇ ಹಾಕಿ, ಕಡ್ಡಿ ಉದ್ದ ಮ್ಯಾನ್ಯುವಲ್ ಪ್ರಕಾರ ಸೆಟ್ ಮಾಡಿ. ಕೈಯಲ್ಲಿ ತಿರುಗಿಸೋ ಪ್ರೊಪೋರ್ಶನಿಂಗ್ ವಾಲ್ವ್ ಅಂತ ಮಾರ್ತಾರೆ, ಅದು ರೇಸ್ ಕಾರಿಗೆ ಸರಿ. ಹೋಗ್ತಾ ತುಂಬಿ ಬರ್ತಾ ಖಾಲಿ ಬರೋ ಗಾಡಿಗೆ ಅದನ್ನ ಯಾವ್ದಕ್ಕೆ ಸೆಟ್ ಮಾಡಿದ್ರೂ ಇನ್ನೊಂದು ದಾರಿಗೆ ತಪ್ಪೇ.

ಏರ್ ತೆಗೆಯೋದು

ಮಾಸ್ಟರನ್ನ ಗಾಡಿಗೆ ಹಾಕೋ ಮುಂಚೆ ವೈಸಲ್ಲಿ ಹಿಡಿದು, ಎರಡು ಪೈಪನ್ನ ಅದರ ಡಬ್ಬಿಗೇ ವಾಪಸ್ ಬಿಟ್ಟು, ಗುಳ್ಳೆ ನಿಲ್ಲೋವರೆಗೂ ನಿಧಾನ ಒತ್ತಿ. ಆಮೇಲೆ ಗಾಡೀಲಿ ದೂರದ್ದರಿಂದ ಶುರು ಮಾಡಿ, ಮಾಸ್ಟರ್ ಬಲಗಡೆ ಇರೋದ್ರಿಂದ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೇಗೆ ಮುಂದಿನ ಬಲ. ಹಿಂದೆ ತೆಗೆಯೋವಾಗ ಚಾಸಿಗೆ ಸ್ಟ್ಯಾಂಡ್ ಕೊಟ್ಟು ಆಕ್ಸಲ್ ನೇತಾಡಿಸ್ಬೇಡಿ, ಲೋಡ್ ವಾಲ್ವ್ ಮುಚ್ಕೊಂಡಂಗೆ ಆಗಿ ಗಾಳಿ ಅಲ್ಲೇ ಉಳಿಯತ್ತೆ, ಆಕ್ಸಲ್ ಮೇಲೇ ಗಾಡಿ ಭಾರ ಇರ್ಲಿ. ವಾಲ್ವಿಗೇ ನಿಪ್ಪಲ್ ಇದ್ರೆ ಅದನ್ನೂ ತೆಗೀರಿ. ಗುಜರಿಯಿಂದ ಹಳೇ ಮಾಸ್ಟರ್ ತಂದೋರು ಪೆಡಲ್ ನೆಲಕ್ಕೆ ಮುಟ್ಟೋ ಹಾಗೆ ತುಳೀಬೇಡಿ, ಯಾವತ್ತೂ ಸೀಲ್ ಓಡಾಡದ ಜಾಗದಲ್ಲಿ ತುಕ್ಕಿರತ್ತೆ, ಸೀಲ್ ಹರಿಯತ್ತೆ.

ಬ್ರೇಕ್ ಆಯಿಲ್ ಡಾಟ್ 4 ಗ್ರೇಡಿಂದು ಹಾಕಿ, ಸೀಲು ಮುಚ್ಚಿರೋ ಹೊಸಾ ಡಬ್ಬಿ. ಡಾಟ್ 3 ಹೊಸದಾಗಿದ್ದಾಗ ಕುದಿಯೋದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ಗೆ, ನೀರು ಹೀರ್ಕೊಂಡ್ಮೇಲೆ 140ಕ್ಕೆ ಇಳಿಯತ್ತೆ, ಡಾಟ್ 4ಕ್ಕೆ ಅದು 230 ಮತ್ತೆ 155. ಘಾಟಲ್ಲಿ ಆ ವ್ಯತ್ಯಾಸನೇ ಬೇಕಾಗಿರೋದು. ಡಾಟ್ 5 ಸಿಲಿಕಾನ್, ಅದನ್ನ ಇದರ ಜೊತೆ ಬೆರೆಸಬಾರ್ದು. ಪೇಂಟ್ ಮೇಲೆ ಬಿದ್ರೆ ಒರೆಸೋಕೆ ಹೋಗ್ಬೇಡಿ, ನೀರು ಸುರೀರಿ.

ಓಡಿಸಿ ನೋಡೋದು

ಎಂಜಿನ್ ಆನ್ ಮಾಡಿ, ನಿಂತಲ್ಲೇ ಒಂದು ನಿಮಿಷ ಪೂರ್ತಿ ಬಲ ಹಾಕಿ ಪೆಡಲ್ ಒತ್ತಿ ಹಿಡೀರಿ, ಇನ್ನೊಬ್ರು ಟಾರ್ಚ್ ಹಿಡಿದು ಒಂದೊಂದು ಜಾಯಿಂಟೂ ನೋಡ್ಲಿ. ಪೆಡಲ್ ನಿಧಾನಕ್ಕೆ ಇಳಿತಾ ಇದ್ರೆ ಗೇಟ್ ಆಚೆ ಗಾಡಿ ಹೋಗಬಾರ್ದು.

ಮೊದಲ್ನೇ ಸಲ ಖಾಲಿ ಗಾಡಿ, ಹೆದ್ದಾರಿ ಅಲ್ಲ, ಬೆಳಿಗ್ಗೆ ಖಾಲಿ ಇರೋ ಯಾವ್ದಾದ್ರೂ ಹಳ್ಳಿ ರಸ್ತೆ. ಹೊಸಾ ಪ್ಯಾಡು ಡಿಸ್ಕಿಗೆ ಕೂರೋಕೆ 50 ಕಿ.ಮೀ. ವೇಗದಿಂದ 10ರವರೆಗೂ ಹದವಾಗಿ ಬ್ರೇಕ್ ಹೊಡೀರಿ, ಪೂರ್ತಿ ನಿಲ್ಲಿಸ್ಬೇಡಿ, ಅರ್ಧ ಕಿ.ಮೀ. ಆರಿಸಿ ಮತ್ತೆ. ಎಂಟ್ಹತ್ತು ಸಲ ಮಾಡಿದ್ರೆ ಹಿಡಿತ ಬದಲಾಗಿದ್ದು ಕಾಲಿಗೇ ಗೊತ್ತಾಗತ್ತೆ. ಪ್ಯಾಡ್ ಕಂಪನಿ ಬೇರೆ ಥರ ಹೇಳಿದ್ರೆ ಅವ್ರು ಹೇಳಿದ್ದೇ ಮಾಡಿ. ಆಮೇಲೆ ಮಣ್ಣಿನ ಬಯಲಲ್ಲಿ, 30ರ ವೇಗದಲ್ಲಿ ಒಂದ್ಸಲ ಜೋರಾಗಿ ತುಳಿದು ಕೆಳಗಿಳಿದು ಗುರುತು ನೋಡಿ. ಹಿಂದಿನ ಚಕ್ರದ ಗುರುತು ಮಾತ್ರ ಎಳೆದಿದ್ರೆ ವಾಲ್ವ್ ಸೆಟ್ಟಿಂಗ್ ತಪ್ಪು. ಒಂದು ಕಡೆ ಎಳೆದ್ರೆ ಪ್ಯಾಡಿಗೆ ಗ್ರೀಸ್ ಅಂಟಿದ್ಯಾ, ಪಿನ್ ಜಾಮಾ, ಆ ಕಡೆ ಗಾಳಿ ಉಳಿದಿದ್ಯಾ ನೋಡಿ.

ಅದಾದ್ಮೇಲೆ ಅರ್ಧ ಲೋಡು, ಆಮೇಲೆ ಆರ್‌ಸೀಲಿ ಬರೆದಿರೋ ಅಷ್ಟು ಪೂರ್ತಿ ಲೋಡು. ಅದಕ್ಕಿಂತ ಜಾಸ್ತಿ ಹಾಕೋಕೆ ಡಿಸ್ಕ್ ಲೈಸೆನ್ಸ್ ಅಲ್ಲ. ಅಂತರಗಂಗೆ ಹಿಂದೆ ತೇರಹಳ್ಳಿ ಬೆಟ್ಟದ ರಸ್ತೆ ಇದ್ಯಲ್ಲ, ಮೊಗಿಲಿ ಘಾಟಿಗೆ ಹೋಗೋ ಮುಂಚೆ ಅಲ್ಲಿ ಲೋ ಗೇರಲ್ಲಿ ಇಳಿಸಿ ನೋಡಿ. ಕೆಳಗೆ ಬಂದು ನಿಲ್ಲಿಸಿ, ನಾಲ್ಕೂ ಹಬ್ಬಿನ ಹತ್ರ ಅಂಗೈ ತನ್ನಿ, ಮುಟ್ಟಬೇಡಿ, ಸುಡತ್ತೆ. ಎಡ ಬಲ ಎರಡೂ ಒಂದೇ ಥರ ಬಿಸಿ ಇರಬೇಕು. ಹಿಂದಿಂದು ತಣ್ಣಗೇ ಇದ್ರೆ ಹಿಂದಿನ ಬ್ರೇಕ್ ಕೆಲ್ಸ ಮಾಡ್ತಿಲ್ಲ, ಶೂ ಅಡ್ಜಸ್ಟ್‌ಮೆಂಟು, ವಾಲ್ವು ಮತ್ತೆ ನೋಡಿ. ಡಿಸ್ಕ್ ಹಾಕಿದ ಖುಷೀಲಿ ಹಿಂದಿನ ಡ್ರಮ್ಮನ್ನ ಹಂಗೇ ಬಿಟ್ಟಿರ್ತಾರೆ ಎಷ್ಟೋ ಜನ.

ಒಂದು ವಾರ ಓಡಿಸಿದ್ಮೇಲೆ ಕ್ಯಾಲಿಪರ್ ಬೋಲ್ಟು, ವೀಲ್ ನಟ್ಟು ಟಾರ್ಕ್ ರೆಂಚಲ್ಲಿ ಮತ್ತೆ ಚೆಕ್ ಮಾಡಿ. ಪ್ಯಾಡ್ ಸವೆದಂಗೆ ಡಬ್ಬೀಲಿ ಆಯಿಲ್ ಸ್ವಲ್ಪ ಸ್ವಲ್ಪ ಇಳಿಯೋದು ಸಹಜ, ಒಂದೇ ಸಲಕ್ಕೆ ಇಳಿದ್ರೆ ಎಲ್ಲೋ ಸೋರ್ತಿದೆ ಅಂತ ಅರ್ಥ. ಬಿಚ್ಚಿದ ಹಳೇ ನಕಲ್ಲು, ಡ್ರಮ್ಮು, ಮಾಸ್ಟರ್ರು ಗುಜರಿಗೆ ಹಾಕ್ಬಿಡ್ಬೇಡಿ, ಗ್ರೀಸ್ ಸವರಿ ಗೋಣಿಚೀಲದಲ್ಲಿ ಕಟ್ಟಿಡಿ. ಎಫ್‌ಸಿಯೋರು ಒಪ್ಪಲ್ಲ ಅಂದ್ರೆ ವಾಪಸ್ ಹಾಕೋಕೆ ಅವೇ ಬೇಕು.